ಕಿಸೆಯೊಳಗಿನ ಮಾವಿನಹಣ್ಣು

ಕಳೆದ ಮಳೆಗಾಲದ ಒಂದು ಸಂಜೆ. ಪುತ್ತೂರು ಬಸ್‌ ಸ್ಟ್ಯಾಂಡಿನಲ್ಲಿ ಕಾಯುತ್ತಾ ನಿಂತಿದ್ದೆವು. ನನಗೆ ಸುಳ್ಯದ ಬಸ್ಸು ಬರಬೇಕು, ಗೆಳೆಯನಿಗೆ ಕಡಬದ್ದು. ಧೋ ಎಂದು ಸುರಿಯುವ ಮಳೆಗೆ ಎರಡೂ ಬಸ್ಸಿನ ಪತ್ತೆಯಿಲ್ಲ. ಕೊಡೆ ಮಡಚಿದ ಗೆಳೆಯ ಮೆಲ್ಲನೆ ಮೂಲೆಗೆ ಸರಿದು, ಕಿಸೆಯಿಂದ ಪೆನ್‌ಡ್ರೈವ್‌ಗಿಂತ ತುಸು ದೊಡ್ಡದಾದ ವಸ್ತುವೊಂದನ್ನು ತೆಗೆದು ಬಾಯಿಗಿಟ್ಟ. ಮರುಕ್ಷಣ ಬಿಳಿ ಆವಿ. ಅದರ ಹಿಂದೆಯೇ ಮಾವಿನಹಣ್ಣಿನ ಪರಿಮಳ.

“ಈ ಮಳೆಗೆ ಎಲ್ಲಿಯ ಮಾವಿನಹಣ್ಣು ಮಾರಾಯ?” ಅಂದೆ.

ಅವನು ನಕ್ಕ. “ಹೊಸ ಫೋನ್ ಬಂದರೆ ಊರಿಗೆಲ್ಲ ರಿವ್ಯೂ ಹೇಳ್ತೀಯಲ್ಲ, ಇದರದ್ದೂ ಒಂದು ಹೇಳು ನೋಡುವ” ಎಂದು ಅದನ್ನು ನನ್ನ ಅಂಗೈಗೆ ಹಾಕಿದ.

ಸರಿ, ಹೇಳಿಯೇ ಬಿಡುತ್ತೇನೆ. ಬಾಯಿಗಿಡದೆ, ಮೂರು ತಿಂಗಳು ಅವನ ಪಕ್ಕದಲ್ಲಿ ಕೂತು ನೋಡಿ ಬರೆದ ರಿವ್ಯೂ ಇದು.

ಮೊದಲು ಅಂದಚಂದ

ಸುಳ್ಳು ಹೇಳುವುದಿಲ್ಲ, ನೋಡಲು ಚಂದವೇ ಉಂಟು. ಹಗುರ, ಅಂಗೈಯಲ್ಲಿ ಅಡಗುತ್ತದೆ. ಬೆಂಕಿಪೆಟ್ಟಿಗೆ ಬೇಡ, ಬೂದಿ ಇಲ್ಲ, ಬಟ್ಟೆಗೆ ಬೀಡಿಯ ನಾತ ಇಲ್ಲ. ಕೆಳಗೆ ಸಣ್ಣ ಬ್ಯಾಟರಿ, ಮೇಲೆ ಪ್ಲಾಸ್ಟಿಕ್ಕಿನ ಪುಟ್ಟ ಟ್ಯಾಂಕ್. ಟ್ಯಾಂಕಿನೊಳಗೆ ಹತ್ತಿ ಸುತ್ತಿದ ಲೋಹದ ಸುರುಳಿ. ಎಳೆದಾಗ ಸುರುಳಿ ಬಿಸಿಯಾಗಿ, ಹತ್ತಿ ಹೀರಿಕೊಂಡ ದ್ರವ ಆವಿಯಾಗುತ್ತದೆ. ದ್ರವ ಮುಗಿದರೆ ಬಾಟಲಿಯಿಂದ ಮತ್ತೆ ತುಂಬಿಸಬಹುದು. ಒಮ್ಮೆ ಬಳಸಿ ಎಸೆಯುವ ಮಾದರಿಗಿಂತ ಇದು ಖರ್ಚಿಗೂ ಕಸಕ್ಕೂ ಒಳ್ಳೆಯದು ಎಂಬುದು ಅವನ ವಾದ. ಆ ಮಾತು ಸುಳ್ಳಲ್ಲ. ಎಸೆಯುವ ಮಾದರಿಯನ್ನು ಬ್ರಿಟನ್ 2025ರ ಜೂನ್‌ನಿಂದ ನಿಷೇಧಿಸಿದೆ. ತುಂಬಿಸುವ ಮಾದರಿಗೆ ಅಲ್ಲಿ ಅವಕಾಶ ಉಂಟು.

ಆದರೆ ನಮ್ಮ ಊರಿನಲ್ಲಿ ದಿನಬಳಕೆಗೆ? ಗಾಳಿಮಳೆಗೆ ಕರೆಂಟ್ ಹೋದರೆ ಫೋನಿಗೆ ಚಾರ್ಜ್ ಇಡುವುದೋ ಇದಕ್ಕೋ ಎಂಬ ಚಿಂತೆ. ಸುರುಳಿಯ ಹತ್ತಿ ಕರಕಲಾಗಿ ಸುಟ್ಟ ವಾಸನೆ ಬರತೊಡಗಿದರೆ ಹೊಸದು ಬೇಕು. ದ್ರವ ಸೋರಿ ಕಿಸೆಯಲ್ಲಿದ್ದ ಬಸ್ ಪಾಸ್ ಅಂಟಂಟಾದದ್ದು ಎರಡು ಸಲ. ಇದಕ್ಕೆಲ್ಲ ಬಿಡಿಭಾಗ ಕೇಳಲು ಅಂಗಡಿಯಿಲ್ಲ. ಯಾಕೆಂದರೆ ಇದು ನಮ್ಮಲ್ಲಿ ಕಾನೂನುಬಾಹಿರ. ಕರ್ನಾಟಕ ಇ-ಸಿಗರೇಟನ್ನು 2016ರಲ್ಲೇ ನಿಷೇಧಿಸಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರ ಸುಗ್ರೀವಾಜ್ಞೆ ತಂದಿತು, ಆ ವರ್ಷವೇ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ಮಾರಾಟ, ಸಾಗಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಾಸ್ತಾನು ಇಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ 50 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕದ್ದುಮುಚ್ಚಿ ಸಿಗುವ ಬಾಟಲಿಯೊಳಗೆ ಏನಿದೆ ಎಂದು ಪರೀಕ್ಷಿಸುವವರು ಯಾರೂ ಇಲ್ಲ.

ಅಪ್ಪನಿಗೆಂದು ಬಂದದ್ದು

“ನಿನಗೆ ಇದು ಎಲ್ಲಿಂದ ಸಿಕ್ಕಿತು?” ಎಂದು ಕೇಳಿದೆ. ಅವನ ಉತ್ತರ ಕೇಳಿ ಸುಮ್ಮನಾದೆ.

ಅದು ಬಂದದ್ದು ಅವನಿಗಲ್ಲ, ಅವನ ಅಪ್ಪನಿಗೆ. ಅಪ್ಪ ಮೂವತ್ತು ವರ್ಷದಿಂದ ಬೀಡಿ ಸೇದುವವರು. ಬೆಳಗ್ಗೆ ತೋಟಕ್ಕೆ ಇಳಿಯುವ ಮೊದಲು ಒಂದು, ಸ್ಪ್ರಿಂಕ್ಲರ್ ಜೆಟ್ ಬದಲಿಸಿ ಬಂದು ಒಂದು. ಈಗ ಗುಡ್ಡೆಯ ಮನೆಗೆ ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ದುಬೈಯಲ್ಲಿರುವ ಅಣ್ಣ ರಜೆಯಲ್ಲಿ ಬರುವಾಗ, ಅಲ್ಲಿ ಅಂಗಡಿಯಲ್ಲೇ ಸಿಗುವ ಈ ಯಂತ್ರವನ್ನು, ಬೀಡಿ ಬಿಡಿಸಲು ಎಂದು ತಂದಿದ್ದ. ಅದನ್ನು ದೇಶದೊಳಗೆ ತರುವುದೇ ತಪ್ಪು ಎಂದು ಅವನಿಗೆ ಗೊತ್ತಿರಲಿಲ್ಲ.

ಅಣ್ಣನ ಯೋಚನೆ ತೀರಾ ಹುಚ್ಚೇನಲ್ಲ. ಇಂದಿನ ರೀತಿಯ ಇ-ಸಿಗರೇಟನ್ನು 2003ರಲ್ಲಿ ರೂಪಿಸಿದ ಚೀನಾದ ಔಷಧತಜ್ಞ ಹಾನ್ ಲಿಕ್ ಸ್ವತಃ ಸಿಗರೇಟು ಚಟದವರು. ಅವರ ತಂದೆ ತೀರಿಕೊಂಡದ್ದು ಶ್ವಾಸಕೋಶದ ಕ್ಯಾನ್ಸರಿನಿಂದ. ಉರಿಯುವ ಹೊಗೆಸೊಪ್ಪಿನಿಂದ ಬರುವ ಟಾರು, ಕಾರ್ಬನ್ ಮೊನಾಕ್ಸೈಡ್ ಇದರಲ್ಲಿಲ್ಲ. ಸಿಗರೇಟು ಸೇದುವವರು ಬಿಡಲು ಬ್ರಿಟನ್ನಿನ ಆರೋಗ್ಯ ಇಲಾಖೆ ಇದನ್ನು ಒಂದು ದಾರಿಯಾಗಿ ಹೇಳುತ್ತದೆ ಕೂಡ. ನಮ್ಮ ಸರಕಾರ ಬೇರೆ ಲೆಕ್ಕ ಹಾಕಿತು: ಬಿಡುವವರಿಗಿಂತ ಹೊಸದಾಗಿ ಹಿಡಿಯುವ ಹುಡುಗರೇ ಹೆಚ್ಚಾದರೆ?

ಆ ಮನೆಯಲ್ಲಿ ಆದದ್ದು ಎರಡನೆಯದೇ. ಅಪ್ಪ ಎರಡು ಸಲ ಎಳೆದು, ಕೆಮ್ಮಿ, “ಇದೆಂತ ಪೆಪ್ಪರ್ಮೆಂಟ್ ತಿಂದ ಹಾಗೆ” ಎಂದು ಅಂಗಳದ ಕಟ್ಟೆಯ ಮೇಲಿಟ್ಟು ಬೀಡಿ ಹಚ್ಚಿದರು. ಕಟ್ಟೆಯಿಂದ ಅದನ್ನು ಎತ್ತಿಕೊಂಡವನು ನನ್ನ ಗೆಳೆಯ. ಅದುವರೆಗೆ ಅವನು ಒಂದು ಬೀಡಿಯನ್ನೂ ಸೇದಿದವನಲ್ಲ. ಅಮ್ಮ ಬೀಡಿ ಕಟ್ಟಿಯೇ ಅವನ ಫೀಸು ಕಟ್ಟಿದ್ದು. ಆ ತಡ್ಪೆಯ ಹೊಗೆಸೊಪ್ಪಿನ ಘಾಟಿಗೆ ಚಿಕ್ಕಂದಿನಿಂದಲೇ ಮೂಗು ಮುಚ್ಚುತ್ತಿದ್ದವನು. ಇದರಲ್ಲಿ ಘಾಟೇ ಇಲ್ಲವಲ್ಲ, ಮಾವಿನಹಣ್ಣು!

ಕೊನೆ ಇಲ್ಲದ ಬೀಡಿ

ದ್ರವದಲ್ಲಿ ಇರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ ಮತ್ತು ನಿಕೋಟಿನ್. ಅವನ ಬಾಟಲಿಯ ಮೇಲೆ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ಎಂದಿತ್ತು. ಯುರೋಪಿನ ದೇಶಗಳಲ್ಲಿ ಅದೇ ಗರಿಷ್ಠ ಮಿತಿ. ಈಗಿನ ದ್ರವಗಳಲ್ಲಿ ನಿಕೋಟಿನ್‌ಗೆ ಆಮ್ಲ ಸೇರಿಸಿ ಲವಣದ ರೂಪದಲ್ಲಿ ಕೊಡುತ್ತಾರೆ. ಹಾಗಾಗಿ ಗಂಟಲು ಉರಿಯುವುದಿಲ್ಲ. “ಸಾಕು” ಎಂದು ಹೇಳಬೇಕಾದ ಗಂಟಲೇ ಸುಮ್ಮನಾದರೆ ಹೇಳುವವರು ಯಾರು?

ನಾನು ಕಂಡ ದೊಡ್ಡ ವ್ಯತ್ಯಾಸ ಇದು: ಬೀಡಿಗೆ ಕೊನೆ ಎಂಬುದುಂಟು. ಬೆರಳು ಸುಡುತ್ತದೆ, ಎಸೆಯಬೇಕು. ಇದಕ್ಕೆ ಕೊನೆಯಿಲ್ಲ. ಓದುವಾಗ ಒಂದು, ರೀಲ್ಸ್ ನೋಡುವಾಗ ಒಂದು, ಬಚ್ಚಲಿಗೆ ಹೋದಾಗ ಎರಡು. ಎಷ್ಟಾಯಿತು ಎಂಬ ಲೆಕ್ಕ ಅವನಲ್ಲಿಯೇ ಇಲ್ಲ. ದೇಹಕ್ಕೆ ಸೇರಿದ ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದಂತೆ. ಮೂರನೇ ತಿಂಗಳಿಗೆ ಅವನನ್ನು ನೋಡಿದರೆ ಸಾಕಿತ್ತು. ಎರಡನೇ ಪೀರಿಯಡ್ ಮುಗಿಯುವಾಗ ಕಾಲು ಅಲುಗಾಡಿಸಲು ಸುರು, ಮಾತಾಡಿಸಿದರೆ ಸಿಡಿಮಿಡಿ. ಕಾಲೇಜು ತಂಡದಲ್ಲಿ ವಾಲಿಬಾಲ್ ಆಡುತ್ತಿದ್ದವನು ಎರಡು ಸೆಟ್ ಆಗುವಾಗ ಸುಸ್ತು. ಮಧ್ಯರಾತ್ರಿ ಎಚ್ಚರವಾದರೆ ಕೈ ದಿಂಬಿನ ಅಡಿಗೆ ಹೋಗುತ್ತದೆ ಎಂದು ಅವನೇ ಹೇಳಿದ. ಇಪ್ಪತ್ತೈದು ವಯಸ್ಸಿನವರೆಗೂ ಮೆದುಳು ಬೆಳೆಯುತ್ತಲೇ ಇರುತ್ತದೆ, ಆ ಪ್ರಾಯದಲ್ಲಿ ಅಂಟಿದ ಚಟ ಬೇಗ ಬಿಡುವುದಿಲ್ಲ ಎನ್ನುತ್ತಾರೆ ವೈದ್ಯರು.

“ನಮ್ಮ ಊರೇ ಅಡಿಕೆಯಲ್ಲಿ ಬದುಕುವುದು. ಎಲೆಅಡಿಕೆ ತಿನ್ನುವವರಿಗೆ ಹೇಳಲ್ಲ, ನನಗೆ ಮಾತ್ರ ಹೇಳ್ತೀಯಾ?” ಎಂದು ಒಮ್ಮೆ ಕೇಳಿದ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಮಾರಿದ ದುಡ್ಡಿನಲ್ಲಿ ಓದಿದ ನಾನು ಅದನ್ನು ಮರೆತು ಉಪದೇಶ ಮಾಡುವಂತಿಲ್ಲ. ಆದರೆ ಒಂದು ಚಟ ಊರಲ್ಲಿ ಉಂಟು ಎಂಬುದು ಇನ್ನೊಂದನ್ನು ತರಲು ಕಾರಣವಾಗಬಾರದಲ್ಲ.

ಆ ಭಾನುವಾರ

ರಿವ್ಯೂ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಒಂದು ಭಾನುವಾರ ಅವನ ಮನೆಗೆ ಹೋಗಿದ್ದೆ. ಅಕ್ಕ ಮೂರು ವರ್ಷದ ಮಗಳೊಂದಿಗೆ ತವರಿಗೆ ಬಂದಿದ್ದರು. ನಾವು ಚಾವಡಿಯಲ್ಲಿ ಹರಟುತ್ತಿದ್ದಾಗ ಮಗು ಒಳಗಿನಿಂದ ಬಂತು. ಕೈಯಲ್ಲಿ ಪುಟ್ಟ ಬಾಟಲಿ. “ಮಾಮ, ಜ್ಯೂಸ್” ಎಂದಿತು.

ಮಾವಿನಹಣ್ಣಿನ ಚಿತ್ರದ ಬಾಟಲಿ. ತುಂಬಿಸಿದ ಮೇಲೆ ಅವನು ಮುಚ್ಚಳವನ್ನು ಸರಿಯಾಗಿ ತಿರುಗಿಸಿರಲಿಲ್ಲ. ಮಗುವಿನ ಬೆರಳೆಲ್ಲ ಅಂಟು. ಅವನು ಹಾರಿ ಬಾಟಲಿ ಕಸಿದ ರಭಸಕ್ಕೆ ಮಗು ಜೋರಾಗಿ ಅಳತೊಡಗಿತು. ಅಕ್ಕ ಓಡಿಬಂದು ಕೈ, ಬಾಯಿ ತೊಳೆಸಿದರು. ನಿಕೋಟಿನ್ ದ್ರವ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಮಗು ಕುಡಿದರೆ ಸ್ವಲ್ಪವೇ ಸಾಕು, ಜೀವಕ್ಕೆ ಅಪಾಯ. ಕೂಡಲೇ ಬೈಕಿನಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಬಾಯಿಗೆ ಹೋಗಿರಲಿಲ್ಲ. ವಾಂತಿಯಿಲ್ಲ, ಸುಸ್ತಿಲ್ಲ. ಸಂಜೆಯವರೆಗೆ ಕೂರಿಸಿ, ನೋಡಿ ಕಳುಹಿಸಿದರು.

ಮನೆಗೆ ಬಂದಾಗ ಅಪ್ಪ ಬೈಯಲಿಲ್ಲ. “ನಿನ್ನ ಅಜ್ಜ ಅಲಸಂಡೆಗೆ ಹುಳ ಬಿದ್ದರೆ ಹೊಗೆಸೊಪ್ಪು ಕುದಿಸಿದ ನೀರು ಬಿಡ್ತಿದ್ದರು. ಬಿಟ್ಟ ಮೇಲೆ ಆ ಮಡಕೆಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಅಟ್ಟದಲ್ಲಿ ಇಡ್ತಿದ್ದರು. ಮೈಲುತುತ್ತನ್ನೂ ಹಾಗೆಯೇ. ನೀನು ಮಂಚದ ಮೇಲೆ ಇಟ್ಟೆಯಲ್ಲ” ಎಂದರು, ಅಷ್ಟೆ.

ಗೆಳೆಯ ಅಂದೇ ಬಿಟ್ಟ ಎಂದು ಬರೆದರೆ ಸುಳ್ಳಾದೀತು. ದ್ರವ ಚೆಲ್ಲಿದ, ನಾಲ್ಕನೇ ದಿನ ಖಾಲಿ ಯಂತ್ರವನ್ನೇ ಎಳೆದು ನೋಡಿದ. ತಲೆನೋವು, ಸಿಟ್ಟು, ನಿದ್ದೆಯಿಲ್ಲ. ಕೊನೆಗೆ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-112-356ಕ್ಕೆ ಕರೆ ಮಾಡಿದ. ಖರ್ಚಿಲ್ಲದ ಕರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆಸೆ ಎದ್ದಾಗ ಹತ್ತು ನಿಮಿಷ ತಳ್ಳಲು ಕಲಿಸಿದರಂತೆ. ನಡುವೆ ಅವರೇ ಮತ್ತೆ ಫೋನ್ ಮಾಡಿ ವಿಚಾರಿಸಿದರಂತೆ. ಈಗ ಬಿಟ್ಟು ಎರಡೂವರೆ ತಿಂಗಳು. ವಾಲಿಬಾಲಿಗೆ ಮತ್ತೆ ಬರುತ್ತಿದ್ದಾನೆ. ಮೂರನೇ ಸೆಟ್ ಇನ್ನೂ ಕಷ್ಟ.

ಹಾಗಾದರೆ ನನ್ನ ರಿವ್ಯೂ? ಬೀಡಿ, ಸಿಗರೇಟಿಗೆ ಸಿಕ್ಕಿಬಿದ್ದವರ ವಿಚಾರವನ್ನು ವೈದ್ಯರು ಹೇಳಲಿ. ಏನನ್ನೂ ಸೇದದ ನಮ್ಮ ಪ್ರಾಯದವರಿಗೆ ಇದು ಇಲ್ಲದ ರೋಗಕ್ಕೆ ತಂದ ಮದ್ದು. ಸೊನ್ನೆ ಅಂಕ.

ಗೆಳೆಯ ಆ ನಂಬರನ್ನು ಚಾವಡಿಯ ಕ್ಯಾಲೆಂಡರಿನ ಹಾಳೆಯಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದ. ಅವನ ಅಪ್ಪ ಇನ್ನೂ ಫೋನ್ ಮಾಡಿಲ್ಲ. ಆದರೆ ತಿಂಗಳು ಮುಗಿದು ಅಮ್ಮ ಆ ಹಾಳೆ ಹರಿಯಲು ಹೋದಾಗ, “ಅದು ಇರಲಿ” ಎಂದರಂತೆ.