ಒಂದೇ ಕಾಲೇಜು, ಬೇರೆ ಬೇರೆ ದಾರಿ

ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ವಿಧಾನಸೌಧದ ಕಡೆ ಹೊರಟರೆ, ಮೆಜೆಸ್ಟಿಕ್ ದಾಟಿದ ಕೂಡಲೇ ಸಿಗುವ ನಿಲ್ದಾಣ ‘ಸರ್ ಎಂ. ವಿಶ್ವೇಶ್ವರಯ್ಯ, ಸೆಂಟ್ರಲ್ ಕಾಲೇಜು’. ವಿದ್ಯಾರ್ಥಿಯ ಹೆಸರು, ಓದಿದ ಕಾಲೇಜಿನ ಹೆಸರು ಎರಡೂ ಒಂದೇ ಫಲಕದಲ್ಲಿವೆ. ಆದರೆ ವಿಜಯನಗರಕ್ಕೆ ಸಮೀಪದ ರಾಜಾಜಿನಗರಕ್ಕೆ ಹೆಸರು ಕೊಟ್ಟವರೂ ಅದೇ ಕಾಲೇಜಿನವರೆಂಬುದು ಅಲ್ಲಿಯ ನಿವಾಸಿಗಳಲ್ಲೇ ಹಲವರಿಗೆ ಹೊಸ ಸುದ್ದಿಯಾದೀತು.

1858ರಲ್ಲಿ ಹೈಸ್ಕೂಲಾಗಿ ಆರಂಭವಾಗಿ 1875ರಲ್ಲಿ ಸೆಂಟ್ರಲ್ ಕಾಲೇಜೆನಿಸಿಕೊಂಡ ಈ ಸಂಸ್ಥೆ ಮೊದಲು ಮದ್ರಾಸ್ ವಿಶ್ವವಿದ್ಯಾಲಯದ ಅಧೀನದಲ್ಲಿತ್ತು. ಮನೆಪಾಠ ಹೇಳಿ ಓದಿನ ಖರ್ಚು ನೀಗಿಸಿಕೊಂಡ ವಿಶ್ವೇಶ್ವರಯ್ಯನವರು 1881ರಲ್ಲಿ ಇಲ್ಲಿಂದ ಬಿ.ಎ. ಪಡೆದರು, ಎಂಜಿನಿಯರಿಂಗ್ ಕಲಿಯಲು ಪುಣೆಗೆ ಹೋಗಬೇಕಾಯಿತು. ಅದೇ ವಿದ್ಯಾರ್ಥಿ ದಿವಾನರಾಗಿದ್ದಾಗ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಸೆಂಟ್ರಲ್ ಕಾಲೇಜು ಅದರ ಅಂಗವಾಯಿತು. ಮರುವರ್ಷ ಬೆಂಗಳೂರಿನಲ್ಲೇ ಎಂಜಿನಿಯರಿಂಗ್ ಕಾಲೇಜೂ ಬಂತು. ಹಳೆಯ ವಿದ್ಯಾರ್ಥಿಯೊಬ್ಬರು ಓದಿದ ಊರಿಗೆ ತೀರಿಸಿದ ಋಣಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಸಿಗುವುದು ಕಷ್ಟ.

ಹೊಸೂರಿನಲ್ಲಿ ಶಾಲೆ ಕಲಿತು ಬೆಂಗಳೂರಿಗೆ ಬಂದ ಚಕ್ರವರ್ತಿ ರಾಜಗೋಪಾಲಾಚಾರಿ 1894ರಲ್ಲಿ ಇಲ್ಲಿ ಬಿ.ಎ. ಮುಗಿಸಿದರು. ಮದ್ರಾಸಿನಲ್ಲಿ ಕಾನೂನು ಓದಿ, ಸೇಲಂನಲ್ಲಿ ವಕೀಲಿ ನಡೆಸಿ, ಗಾಂಧೀಜಿಯ ಕರೆಗೆ ಓಗೊಟ್ಟು ಅದನ್ನೂ ಬಿಟ್ಟರು. ಸೆರೆಮನೆ ಕಂಡವರು 1948ರಲ್ಲಿ ಗವರ್ನರ್ ಜನರಲ್ ಆದರು. ಒಬ್ಬರಿಗೆ ಕೈಗಾರಿಕೆಯೇ ಮಂತ್ರ, ಇನ್ನೊಬ್ಬರ ಕೈಯಲ್ಲಿ ಚರಕ. ಆದರೂ 1954ರಲ್ಲಿ ರಾಜಾಜಿಗೆ, 1955ರಲ್ಲಿ ವಿಶ್ವೇಶ್ವರಯ್ಯನವರಿಗೆ ಭಾರತರತ್ನ ಸಂದಿತು.

ಪದವಿಯ ನಂತರದ ಬದುಕು ಹೀಗೆ ಕವಲೊಡೆದದ್ದು ಇವರಿಬ್ಬರಲ್ಲಷ್ಟೇ ಅಲ್ಲ. 1905ರಲ್ಲಿ ಇಲ್ಲಿ ಪದವಿ ಪಡೆದ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರು. ಬೆಂಗಳೂರಿನ ಅಂದಚಂದಕ್ಕೆ ಅವರನ್ನು ನೆನೆಯುವವರು, 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರ ಗುಂಡು ಹಾರಿದ್ದೂ ಅವರ ಆಡಳಿತದಲ್ಲೇ ಎಂಬುದನ್ನು ಮರೆಯುತ್ತಾರೆ. ಆ ವಿದುರಾಶ್ವತ್ಥವಿರುವ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದವರು ಎಚ್. ನರಸಿಂಹಯ್ಯ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದ ಅವರು 1942ರ ಚಳವಳಿಗೆ ಧುಮುಕಿ ಜೈಲು ಸೇರಿದರು. ಬಿಡುಗಡೆಯ ನಂತರವೇ ಓದು ಮುಗಿದದ್ದು.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿ ಸೆಂಟ್ರಲ್ ಕಾಲೇಜು ಅದರ ತೆಕ್ಕೆಗೆ ಬಂತು. ಎಪ್ಪತ್ತರ ದಶಕದಲ್ಲಿ ಅದರ ಕುಲಪತಿಯಾದವರು, ಓದು ಬಿಟ್ಟು ಜೈಲಿಗೆ ಹೋಗಿದ್ದ ಇದೇ ನರಸಿಂಹಯ್ಯ. ಪವಾಡಗಳನ್ನು ಪರೀಕ್ಷಿಸಲು ಅವರು 1976ರಲ್ಲಿ ಸಮಿತಿ ರಚಿಸಿದಾಗ ದೇಶವೇ ಬೆಂಗಳೂರಿನತ್ತ ತಿರುಗಿ ನೋಡಿತು. ಮದುವೆಯಾಗದ ಅವರ ವಾಸ ಮಾತ್ರ ಬದುಕಿನ ಬಹುಪಾಲು ಬಸವನಗುಡಿಯ ನ್ಯಾಷನಲ್ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲೇ.