ಉಗುರುಸುತ್ತು: ಮನೆಮದ್ದು ಎಲ್ಲಿಯವರೆಗೆ?

ಕಾಯಕವನ್ನು ನಂಬಿ ಬದುಕುವವರಿಗೆ ಕೈಬೆರಳುಗಳೇ ಬಂಡವಾಳ. ರಾಮನಗರದಲ್ಲಿ ಬಿಸಿನೀರಿನ ಬಾಣಲೆಯಿಂದ ರೇಷ್ಮೆಗೂಡಿನ ಎಳೆಯನ್ನು ಹುಡುಕಿ ತೆಗೆಯುವವರು, ಚನ್ನಪಟ್ಟಣದಲ್ಲಿ ಆಲೆಮರದ ಗೊಂಬೆಗಳಿಗೆ ಅರಗಿನ ಬಣ್ಣ ಕೂಡಿಸುವವರು, ಕನಕಪುರ ಮಾಗಡಿಗಳ ಹೊಲಗಳಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುವವರು, ರಾಗಿಯ ಕಳೆ ಕೀಳುವವರು, ಇವರೆಲ್ಲರನ್ನೂ ಒಂದು ವಾರ ಮನೆಯಲ್ಲಿ ಕೂರಿಸಬಲ್ಲ ಸಣ್ಣ ವ್ಯಾಧಿಯೊಂದಿದೆ. ಅದೇ ಉಗುರುಸುತ್ತು.

ಉಗುರಿನ ಬುಡದಲ್ಲಿಯೂ ಪಕ್ಕದಲ್ಲಿಯೂ ಇರುವ ಚರ್ಮದ ಅಂಚು ಗಟ್ಟಿಯಾಗಿ ಮುಚ್ಚಿಕೊಂಡಿರುವವರೆಗೆ ರೋಗಾಣುಗಳಿಗೆ ಒಳದಾರಿಯಿಲ್ಲ. ದಿನವಿಡೀ ನೀರಿನಲ್ಲಿ ನೆನೆದು ಆ ಅಂಚು ಸಡಿಲವಾದಾಗ, ಮರದ ಸಿಬಿರು ಅಥವಾ ಮುಳ್ಳು ಚುಚ್ಚಿದಾಗ, ಉಗುರನ್ನು ಹಲ್ಲಿನಿಂದ ಕಚ್ಚಿದಾಗ ಆ ದಾರಿ ತೆರೆದುಕೊಳ್ಳುತ್ತದೆ. ಮೊದಲು ಕೆಂಪು, ಬಳಿಕ ಬಾವು, ಆಮೇಲೆ ಮಿಡಿಯುವ ನೋವು. ಬೆರಳ ತುದಿಯಲ್ಲಿ ಕೀವು ಹರಡಲು ಸ್ಥಳವಿಲ್ಲದೆ ಒಳಗಿನ ಒತ್ತಡ ಏರುವುದರಿಂದಲೇ ಇಷ್ಟು ಚಿಕ್ಕ ಜಾಗದ ನೋವು ರಾತ್ರಿಯ ನಿದ್ರೆಯನ್ನು ಕೆಡಿಸುತ್ತದೆ.

ಸುಶ್ರುತ ಸಂಹಿತೆಯು ಕ್ಷುದ್ರರೋಗಗಳ ಪ್ರಕರಣದಲ್ಲಿ ಇದನ್ನು 'ಚಿಪ್ಪ' ಎಂದು ಕರೆದಿದೆ. ವಾತ ಪಿತ್ತಗಳು ಉಗುರಿನ ಮಾಂಸವನ್ನು ಆಶ್ರಯಿಸಿ ನೋವು, ಉರಿ, ಪಾಕಗಳನ್ನು ಉಂಟುಮಾಡುತ್ತವೆ ಎಂಬುದು ಅದರ ವಿವರಣೆ. ಬಾವಿಗೆ ಆಮ, ಪಚ್ಯಮಾನ, ಪಕ್ವ ಎಂಬ ಮೂರು ಅವಸ್ಥೆಗಳನ್ನು ಆಚಾರ್ಯರು ಹೇಳಿದ್ದಾರೆ. ಅಂದರೆ ಎಳೆಯ ಬಾವು, ಮಾಗುತ್ತಿರುವ ಬಾವು, ಕೀವು ತುಂಬಿದ ಬಾವು. ಮನೆಮದ್ದಿನ ವಿಚಾರವೆಲ್ಲ ಈ ಭೇದದ ಮೇಲೆಯೇ ನಿಂತಿದೆ.

ಎಳೆಯ ಬಾವಿಗೆ

ಮೊದಲ ಒಂದೆರಡು ದಿನ, ಕೀವು ಕಾಣಿಸದಿರುವಾಗ, ಮನೆಯ ಉಪಚಾರದಿಂದ ಬಹುಮಟ್ಟಿಗೆ ಗುಣ ಕಾಣಬಹುದು. ಉಗುರು ಬೆಚ್ಚಗಿನ ನೀರಿನಲ್ಲಿ ಬೆರಳನ್ನು 10ರಿಂದ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ ಅದ್ದಿಡಿ. ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಉಪ್ಪು ಸೇರಿಸಬಹುದು. ತ್ರಿಫಲಾ ಕಷಾಯವಾದರೂ ಆದೀತು. ಬಳಿಕ ಶುಭ್ರವಾದ ಬಟ್ಟೆಯಿಂದ ತೇವವನ್ನು ಪೂರ್ಣ ಒತ್ತಿ ತೆಗೆಯಿರಿ. ಚರ್ಮ ಒಡೆದಿರದಿದ್ದರೆ ದಶಾಂಗ ಲೇಪದ ಚೂರ್ಣವನ್ನು ತುಪ್ಪದಲ್ಲಿ ಕಲಸಿ ಹಚ್ಚಿ, ಒಣಗಿದೊಡನೆ ತೆಗೆಯಿರಿ. ಅರಿಸಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುವುದೂ ಉಂಟು. ಕೈಯನ್ನು ಎತ್ತರದಲ್ಲಿಟ್ಟುಕೊಂಡರೆ ಮಿಡಿತ ಕಡಿಮೆಯಾಗುತ್ತದೆ.

ನಮ್ಮ ಕಡೆ ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಟೋಪಿಯಂತೆ ಹಾಕುವ ರೂಢಿ ಬಹಳ ಹಳೆಯದು. ಅದರ ತಂಪು ಸ್ವಲ್ಪ ಹೊತ್ತು ನೆಮ್ಮದಿ ಕೊಡುವುದು ಸುಳ್ಳಲ್ಲ. ಆದರೆ ಅದರ ಹುಳಿ ಒಡೆದ ಚರ್ಮವನ್ನು ಸುಡುತ್ತದೆ. ರಾತ್ರಿಯಿಡೀ ಬಿಟ್ಟರೆ ಚರ್ಮ ಇನ್ನಷ್ಟು ನೆನೆದು ಸಡಿಲವಾಗುತ್ತದೆ. ಒಳಗೆ ಕಟ್ಟಿದ ಕೀವನ್ನು ನಿಂಬೆಹಣ್ಣು ಹೊರಗೆ ತೆಗೆಯಲಾರದು.

ಕೀವು ತುಂಬಿದ ಮೇಲೆ

ಇಲ್ಲಿ ನನ್ನದೇ ಒಂದು ತಪ್ಪನ್ನು ನಿವೇದಿಸಬೇಕು. ವೃತ್ತಿಯ ಆರಂಭದ ವರ್ಷಗಳಲ್ಲಿ ರಾಮನಗರದ ರೀಲಿಂಗ್ ಕೆಲಸದ ತಾಯಿಯೊಬ್ಬರು ಹೆಬ್ಬೆರಳು ಊದಿಸಿಕೊಂಡು ಬಂದರು. ಲೇಪ ಕೊಟ್ಟು, ನೀರಿಗೆ ಕೈ ಹಾಕಬಾರದೆಂದೂ ಮೂರು ದಿನ ಬಿಟ್ಟು ಬರಬೇಕೆಂದೂ ಹೇಳಿದೆ. "ನೀರಿಗೆ ಕೈ ಹಾಕ್ದಿದ್ರೆ ನಮ್ಮನೇಲಿ ಒಲೆ ಹೊತ್ತೋದು ಹೆಂಗೆ ಡಾಕ್ಟ್ರೇ?" ಎಂದರು. ಅವರು ಮತ್ತೆ ಬಂದದ್ದು ಎಂಟನೆಯ ದಿನ. ಅಷ್ಟರಲ್ಲಿ ಕೀವು ಮೂಳೆಗೆ ಮುಟ್ಟಿತ್ತು. ಶಸ್ತ್ರವೈದ್ಯರು ಬೆರಳ ತುದಿಯನ್ನು ತೆಗೆಯಬೇಕಾಯಿತು. ಆಕೆಗೆ ಸಕ್ಕರೆ ಕಾಯಿಲೆ ಇದ್ದುದು ಅಲ್ಲಿ ರಕ್ತ ಪರೀಕ್ಷೆ ಮಾಡಿದಾಗ ತಿಳಿಯಿತು. ನಾನು ಕೇಳಿರಲಿಲ್ಲ. ಎಳೆ ಹುಡುಕುವ ಹೆಬ್ಬೆರಳು ಮತ್ತೆ ಬಾಣಲೆಗೆ ಮರಳಲಿಲ್ಲ.

ನಾನು ಓದಿದ ಶಾಸ್ತ್ರವೇ ನನ್ನನ್ನು ಎಚ್ಚರಿಸಿತ್ತು. ಮಾಗದ ಬಾವನ್ನು ಕೊಯ್ಯುವ ವೈದ್ಯನನ್ನೂ ಮಾಗಿದ ಬಾವನ್ನು ಉಪೇಕ್ಷಿಸುವ ವೈದ್ಯನನ್ನೂ ಸುಶ್ರುತರು ಒಂದೇ ಸಮನಾಗಿ ನಿಂದಿಸಿದ್ದಾರೆ. ಚಿಪ್ಪಕ್ಕೆ ಅವರು ಹೇಳಿದ ಚಿಕಿತ್ಸೆಯೂ ಬಿಸಿನೀರಿನ ಸೇಚನ, ಬಳಿಕ ಕೊಯ್ದು ಸ್ರಾವ ಮಾಡಿಸುವುದು, ಆಮೇಲೆ ತೈಲ, ಚೂರ್ಣ, ಕಟ್ಟು. ಆದುದರಿಂದ "ಆಯುರ್ವೇದವಿದೆ, ಕೊಯ್ಯಿಸಬೇಕಿಲ್ಲ" ಎನ್ನುವುದು ಆಯುರ್ವೇದದ ಮಾತೇ ಅಲ್ಲ.

ಕೆಳಗಿನ ಲಕ್ಷಣಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ:

- ಹಳದಿ ಅಥವಾ ಬಿಳಿ ಕೀವು ಕಾಣುವುದು, ನಿದ್ರೆ ಕೆಡಿಸುವ ಮಿಡಿತ
- ಬೆರಳ ತುದಿಯ ತಿರುಳು ಬಿಗಿದು ಗಟ್ಟಿಯಾಗುವುದು
- ಬೆರಳನ್ನು ಮಡಿಚಲು ಅಥವಾ ನೀಡಲು ಆಗದಿರುವುದು
- ಕೈಯ ಮೇಲೆ ಕೆಂಪು ಗೆರೆ ಏರುವುದು, ಕಂಕುಳಲ್ಲಿ ಗಡ್ಡೆ, ಜ್ವರ
- ಎರಡು ದಿನದ ಉಪಚಾರದಿಂದಲೂ ಇಳಿಯದಿರುವುದು

ಸಕ್ಕರೆ ಕಾಯಿಲೆಯುಳ್ಳವರು ಎರಡು ದಿನವೂ ಕಾಯಬಾರದು. ಮುಳ್ಳು, ಕಬ್ಬಿಣ ಚುಚ್ಚಿದ್ದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಗುಂಪಾಗಿ ನೀರುಗುಳ್ಳೆಗಳು ಎದ್ದಿದ್ದರೆ ಅದು ಬೇರೆಯೇ ಸೋಂಕು ಇರಬಹುದು, ಅದನ್ನು ಚುಚ್ಚಲೇಬಾರದು.

ಮಾಡಬಾರದವು

ಸಗಣಿ, ಬೂದಿ, ನಶ್ಯಪುಡಿ ಮೆತ್ತಬೇಡಿ. ಕುದಿಯುವ ಎಣ್ಣೆ ತಾಗಿಸಬೇಡಿ. ಪಿನ್ನು, ಬ್ಲೇಡುಗಳಿಂದ ಮನೆಯಲ್ಲಿ ಕೊಯ್ಯಬೇಡಿ. ಬೆರಳಿಗೆ ದಾರ ಬಿಗಿಯಬೇಡಿ, ಅದು ರಕ್ತಸಂಚಾರವನ್ನು ತಡೆಯುತ್ತದೆ. ಉಂಗುರವಿದ್ದರೆ ಬಾವು ಹೆಚ್ಚುವ ಮೊದಲೇ ತೆಗೆಯಿರಿ.

ಬಾರದಂತೆ

ಎಳೆ ಹುಡುಕುವ ಬೆರಳಿಗೆ ಕೈಗವಸು ಹೊಂದುವುದಿಲ್ಲವೆಂಬುದನ್ನು ಬಲ್ಲೆ. ಆದರೂ ನಡುನಡುವೆ ಕೈ ಒರೆಸಿ ಒಣಗಿಸುವುದು, ಕೆಲಸ ಮುಗಿದ ಮೇಲೆ ತೊಳೆದು ಉಗುರಿನ ಬುಡಕ್ಕೆ ಕೊಬ್ಬರಿ ಎಣ್ಣೆ ಹಚ್ಚುವುದು ಯಾರಿಗೂ ಸಾಧ್ಯ. ಪಾತ್ರೆ, ಬಟ್ಟೆ ತೊಳೆಯುವಾಗಲಾದರೂ ಗವಸು ಇರಲಿ. ಉಗುರನ್ನು ಬುಡದವರೆಗೆ ಕತ್ತರಿಸಬೇಡಿ. ಅಂಚಿನಲ್ಲಿ ಏಳುವ ಚರ್ಮವನ್ನು ಕೀಳಬೇಡಿ. ಸಿಬಿರು ಚುಚ್ಚಿದರೆ ಒಡನೆಯೇ ತೆಗೆದು ಸೋಪಿನಿಂದ ತೊಳೆಯಿರಿ.

ಒಂದು ದಿನದ ಕೂಲಿ ಹೋಗುವುದೆಂದು ಆಸ್ಪತ್ರೆಯನ್ನು ಮುಂದೂಡಬೇಡಿ. ಮನೆಯ ಹಿರಿಯರು, ಕೆಲಸ ಕೊಡುವ ಮಾಲೀಕರು ಆ ಒಂದು ದಿನವನ್ನು ಬಿಟ್ಟುಕೊಟ್ಟರೆ ದುಡಿಯುವ ಒಂದು ಕೈ ಉಳಿದೀತು.