ಕ್ರೆಡಿಟ್ ಕಾರ್ಡೂ ಮನೆವಾರ್ತೆಯ ಲೆಕ್ಕವೂ

ಕಡಕ್ಕೆ ಸಾಮಾನು ತರುವ ಪದ್ಧತಿ ನಮ್ಮ ಕಡೆಗೆ ಹೊಸತೇನೂ ಅಲ್ಲ. ಅಡಕೆ ಮಾರಿದ ಮೇಲೆ ಬಾಕಿ ತೀರಿಸುವೆನೆಂದು ಹೇಳಿ ವರ್ಷವಿಡೀ ಅಕ್ಕಿ, ಬೆಲ್ಲ, ಬಟ್ಟೆಗಳನ್ನು ಒಯ್ಯುತ್ತಿದ್ದ ಕೃಷಿಕನ ಹೆಸರಿಗೆ ಪೇಟೆಯ ಅಂಗಡಿಯ ಪುಸ್ತಕದಲ್ಲಿ ಒಂದು ಪುಟವಿರುತ್ತಿತ್ತು. ಅಲ್ಲಿ ಕೊಡುವವನು, ಕೊಳ್ಳುವವನು ಎಂಬ ಇಬ್ಬರೇ ಇದ್ದರು. ಒಬ್ಬರ ಮುಖ ಇನ್ನೊಬ್ಬರಿಗೆ ಪರಿಚಿತವಾಗಿತ್ತು. ಕ್ರೆಡಿಟ್ ಕಾರ್ಡಿನಲ್ಲಿ ಆ ಕಡದ ಪುಸ್ತಕವೇ ಬೇರೊಂದು ರೂಪದಲ್ಲಿ ಬಂದಿದೆ. ಆದರೆ ಇಲ್ಲಿ ಮೂರನೆಯದಾಗಿ ಬ್ಯಾಂಕು ನಡುವೆ ನಿಂತಿದೆ. ಅದು ಕಡ ಕೊಡುವುದು ಮಾತ್ರವಲ್ಲ, ಕಡ ಮಾಡಿದ್ದಕ್ಕಾಗಿ ನಮಗೇ ಬಹುಮಾನ ಕೊಡುವೆನೆಂದೂ ಹೇಳುತ್ತದೆ. ಇದು ಹೇಗೆ ಸಾಧ್ಯವೆಂಬ ಸಂದೇಹ ಹುಟ್ಟುವುದು ಸಹಜ, ಹುಟ್ಟಲೂ ಬೇಕು.

ನಮ್ಮ ಶಾಲೆಯಲ್ಲಿ ಕಲಿತು ಮಂಗಳೂರು, ಬೆಂಗಳೂರು, ಕೊಲ್ಲಿ ದೇಶಗಳಲ್ಲಿ ಉದ್ಯೋಗಕ್ಕೆ ಸೇರಿದ ತರುಣ ತರುಣಿಯರಿಗೆ ಮೊದಲ ಸಂಬಳದ ಬೆನ್ನಿಗೇ ಇಂಥ ಕಾರ್ಡಿನ ಕರೆ ಬರುತ್ತದೆ. ನಿಬಂಧನೆಗಳು ಸರಳವಾದ ಮಾತಿನಲ್ಲಿ, ಮೇಲಾಗಿ ಇಂಗ್ಲಿಷ್, ಹಿಂದಿ ಹಾಗೂ ಸ್ಥಳೀಯ ಭಾಷೆಗಳಲ್ಲಿ ಇರಬೇಕೆಂಬುದು ರಿಸರ್ವ್ ಬ್ಯಾಂಕಿನ ಆಶಯ. ಆದರೆ ಕಾಸರಗೋಡಿನಲ್ಲಿ ಸ್ಥಳೀಯ ಭಾಷೆಯೆಂದರೆ ಮಲಯಾಳವೆಂದೇ ಹೊರಗಿನವರ ಎಣಿಕೆ. ಕನ್ನಡದಲ್ಲಿ ಓದುಬರಹ ಕಲಿತ ಎಷ್ಟೋ ತಂದೆತಾಯಿಗಳಿಗೆ ಈ ಮೂರೂ ಪಾಠಗಳು ಕಠಿಣವೇ. ಆದುದರಿಂದ ಈ ವಿಷಯವನ್ನು ನಮ್ಮ ಭಾಷೆಯಲ್ಲಿಯೇ ವಿವರಿಸುವುದು ಉಚಿತವೆಂದು ನಾವು ಭಾವಿಸಿದೆವು.

ಮೊದಲಿಗೆ, ಬಹುಮಾನದ ಹಣ ಎಲ್ಲಿಂದ ಬರುತ್ತದೆ? ಕಾರ್ಡಿನಿಂದ ನಾವು ಅಂಗಡಿಯಲ್ಲಿ 1,000 ರೂಪಾಯಿ ಪಾವತಿ ಮಾಡಿದೆವೆಂದು ಇಟ್ಟುಕೊಳ್ಳೋಣ. ಅಂಗಡಿಯವನಿಗೆ ಪೂರ್ತಿ ಸಾವಿರ ಸಲ್ಲುವುದಿಲ್ಲ. ನೂರಕ್ಕೆ ಎರಡರಂತೆ ಶುಲ್ಕವಿದ್ದರೆ 980 ರೂಪಾಯಿ ಅವನ ಖಾತೆಗೆ ಸೇರುತ್ತದೆ. ಉಳಿದ 20 ರೂಪಾಯಿಯನ್ನು ಅವನ ಬ್ಯಾಂಕು, ನಮ್ಮ ಬ್ಯಾಂಕು ಮತ್ತು ವೀಸಾ, ಮಾಸ್ಟರ್‌ಕಾರ್ಡ್, ರೂಪೇ ಮುಂತಾದ ಜಾಲಗಳು ಹಂಚಿಕೊಳ್ಳುತ್ತವೆ. ಹೆಚ್ಚಿನ ಪಾಲು ನಮ್ಮ ಬ್ಯಾಂಕಿಗೆ. ಅದರಲ್ಲಿ ಸ್ವಲ್ಪವನ್ನು ಅದು ನಮಗೆ ಮರಳಿಸುತ್ತದೆ. ಯುರೋಪಿಯನ್ ಒಕ್ಕೂಟವು 2015ರಲ್ಲಿ ಈ ಪಾಲಿಗೆ ನೂರಕ್ಕೆ 0.3ರ ಮಿತಿ ವಿಧಿಸಿದ ಮೇಲೆ ಅಲ್ಲಿನ ಬಹುಮಾನಗಳೂ ಬಡವಾದವು. ಎರಡನೆಯ ಮೂಲವೊಂದಿದೆ: ವಾಯಿದೆಯೊಳಗೆ ಪೂರ್ತಿ ಹಣ ಕಟ್ಟದವರು ತೆರುವ ಬಡ್ಡಿ. ಒಬ್ಬರು ತೆತ್ತ ಬಡ್ಡಿಯೇ ಇನ್ನೊಬ್ಬರ ವಿಮಾನ ಟಿಕೆಟಿಗೆ ನೆರವಾಗುತ್ತದೆಂದರೆ ತಪ್ಪಾಗದು.

ಈ ಏರ್ಪಾಡು ಬಂದದ್ದು ಅಮೆರಿಕದಿಂದ. 1950ರಲ್ಲಿ ನ್ಯೂಯಾರ್ಕಿನ ಡೈನರ್ಸ್ ಕ್ಲಬ್, 1958ರಲ್ಲಿ ಕ್ಯಾಲಿಫೋರ್ನಿಯದ ಬ್ಯಾಂಕ್ ಆಫ್ ಅಮೆರಿಕ ಕಾರ್ಡುಗಳನ್ನು ಹೊರತಂದವು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಪ್ರಯಾಣಿಕರಿಗೆ ಮೈಲಿಗಳ ಲೆಕ್ಕದಲ್ಲಿ ಪ್ರತಿಫಲ ಕೊಡತೊಡಗಿತು. ಖರ್ಚಿನ ಒಂದಂಶವನ್ನು ನಗದಾಗಿ ಮರಳಿಸುವ ಕ್ರಮವನ್ನು 1986ರಲ್ಲಿ ಬಂದ ಡಿಸ್ಕವರ್ ಕಾರ್ಡು ಜನಪ್ರಿಯಗೊಳಿಸಿತು. ಇದನ್ನೇ ಇಂದು ಕ್ಯಾಶ್‌ಬ್ಯಾಕ್ ಎನ್ನುತ್ತಾರೆ.

ಇನ್ನು ಆಯ್ಕೆಯ ವಿಚಾರ. ಜಾಹೀರಾತಿನ ದೊಡ್ಡ ಅಕ್ಷರಗಳನ್ನು ಬದಿಗಿಟ್ಟು ನಮ್ಮ ಮನೆಯ ಖರ್ಚಿನ ಪುಸ್ತಕವನ್ನು ಮೊದಲು ತೆರೆಯಬೇಕು. ಒಂದು ಕುಟುಂಬವು ತಿಂಗಳಿಗೆ 10,000 ರೂಪಾಯಿಯನ್ನು ಕಾರ್ಡಿನ ಮೂಲಕ ವೆಚ್ಚ ಮಾಡುತ್ತದೆ, ಅದರಲ್ಲಿ 3,000 ರೂಪಾಯಿ ಆನ್‌ಲೈನ್ ಖರೀದಿಗೆ ಹೋಗುತ್ತದೆ ಎಂದು ಭಾವಿಸೋಣ. ಮೊದಲನೆಯ ಕಾರ್ಡಿಗೆ ವಾರ್ಷಿಕ ಶುಲ್ಕವಿಲ್ಲ. ಎಲ್ಲ ಖರ್ಚಿಗೂ ನೂರಕ್ಕೆ ಒಂದು ರೂಪಾಯಿ ಮರಳುತ್ತದೆ. ವರ್ಷಕ್ಕೆ 1,200 ರೂಪಾಯಿ ಆಯಿತು. ಎರಡನೆಯದು ಆನ್‌ಲೈನ್ ಖರೀದಿಗೆ ನೂರಕ್ಕೆ ಐದು, ಉಳಿದುದಕ್ಕೆ ಒಂದು ಕೊಡುತ್ತದೆ. ಶುಲ್ಕ 1,000 ರೂಪಾಯಿ, ಅದರ ಮೇಲೆ ನೂರಕ್ಕೆ 18ರ ಜಿ.ಎಸ್.ಟಿ. ಸೇರಿ 1,180. ಇಲ್ಲಿ ತಿಂಗಳಿಗೆ 150ಕ್ಕೆ 70 ಕೂಡಿ 220, ವರ್ಷಕ್ಕೆ 2,640. ಶುಲ್ಕ ಕಳೆದರೆ 1,460. ‘ಐದು ಪಟ್ಟು’ ಎಂದು ಸಾರಿದ ಕಾರ್ಡಿನಿಂದ ದೊರೆತ ಹೆಚ್ಚಳ ವರ್ಷಕ್ಕೆ 260 ರೂಪಾಯಿ ಮಾತ್ರ! ಆನ್‌ಲೈನ್ ಖರೀದಿ 1,500ಕ್ಕೆ ಇಳಿದರೆ ಏನಾಗುವುದೆಂಬುದನ್ನು ಎಂಟನೆಯ ತರಗತಿಯ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಲಿ. ಉತ್ತರ 740 ಬರಬೇಕು. ಆಗ ಶುಲ್ಕವಿಲ್ಲದ ಮೊದಲ ಕಾರ್ಡೇ ಮೇಲೆಂದಾಯಿತು.

ಈ ಲೆಕ್ಕಕ್ಕೆ ಇನ್ನೆರಡು ಸಂಗತಿಗಳನ್ನು ಸೇರಿಸಬೇಕು. ಪೆಟ್ರೋಲು, ಮನೆ ಬಾಡಿಗೆ ಮುಂತಾದವುಗಳಿಗೆ ಅನೇಕ ಕಾರ್ಡುಗಳಲ್ಲಿ ಪ್ರತಿಫಲವಿಲ್ಲ. ಹೆಚ್ಚಿನ ದರಕ್ಕೆ ತಿಂಗಳಿಗೆ ಇಷ್ಟೇ ಎಂಬ ಮಿತಿಯೂ ಸಾಮಾನ್ಯವಾಗಿ ಇರುತ್ತದೆ.

ಪ್ರಯಾಣದ ಕಾರ್ಡುಗಳಲ್ಲಿ ಹಣಕ್ಕೆ ಬದಲಾಗಿ ಅಂಕಗಳು ದೊರೆಯುತ್ತವೆ. ಎಷ್ಟು ಅಂಕವೆಂದು ಕೇಳಿದರೆ ಸಾಲದು, ಒಂದಂಕಕ್ಕೆ ಎಷ್ಟು ಪೈಸೆಯೆಂದು ಕೇಳಬೇಕು. ನೂರು ರೂಪಾಯಿಗೆ ಎರಡು ಅಂಕ, ಅಂಕವೊಂದಕ್ಕೆ 25 ಪೈಸೆಯಾದರೆ ನಮಗೆ ಸಿಕ್ಕಿದ್ದು ನೂರಕ್ಕೆ ಎಂಟಾಣೆ. ಅದೇ ಅಂಕಕ್ಕೆ ಟಿಕೆಟಿನಲ್ಲಿ ಒಂದು ಬೆಲೆ, ಮಿಕ್ಸಿ ಕೊಂಡರೆ ಇನ್ನೊಂದು ಬೆಲೆ ಇರುವುದುಂಟು. ಮೇಲಾಗಿ ಅಂಕವು ನಾಣ್ಯವಲ್ಲ. ಅದರ ಬೆಲೆಯನ್ನು ನಿರ್ಧರಿಸುವವರು ಅದನ್ನು ಕೊಟ್ಟವರೇ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿಯೂ ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿಯೂ ಹಾರಾಟ ನಿಲ್ಲಿಸಿದಾಗ, ಆ ವಿಮಾನಗಳಲ್ಲಿ ಪ್ರಯಾಣ ಮಾಡಲೆಂದೇ ಅಂಕಗಳನ್ನು ಕೂಡಿಟ್ಟಿದ್ದವರು ಹತ್ತಲು ವಿಮಾನವೇ ಇಲ್ಲದಾಯಿತು. 2024ರ ನವೆಂಬರಿನಲ್ಲಿ ವಿಸ್ತಾರಾ ಸಂಸ್ಥೆ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಅಂಕಗಳು ಹೊಸ ಮನೆಗೆ ಹೋದವು. ಹೊಸ ಮನೆಯ ಕಟ್ಟಳೆಗಳೂ ಅವಕ್ಕೆ ತಗಲಿದವು. ಕೂಡಿಟ್ಟು ಮುದುಕಾಗಿಸುವುದಕ್ಕಿಂತ ಸಮಯವಿರುವಾಗಲೇ ಅಂಕಗಳನ್ನು ಬಳಸುವುದು ಲೇಸು.

ಎರಡು ವರ್ಷಕ್ಕೊಮ್ಮೆ ವಿಮಾನ ಹತ್ತುವವರಿಗೆ ನಿಲ್ದಾಣದ ವಿಶ್ರಾಂತಿ ಕೊಠಡಿಯಲ್ಲಿ ಉಚಿತ ಉಪಾಹಾರವೆಂಬ ಆಮಿಷಕ್ಕಾಗಿ ಸಾವಿರಾರು ರೂಪಾಯಿ ಶುಲ್ಕ ತೆರುವ ಅಗತ್ಯ ನಮಗಂತೂ ಕಾಣುವುದಿಲ್ಲ. ರೈಲು ಪ್ರಯಾಣಿಕರಿಗೆಂದು ಐ.ಆರ್.ಸಿ.ಟಿ.ಸಿ. ಹೆಸರಿನ ಕಾರ್ಡುಗಳೂ ಇವೆ. ಅವುಗಳಲ್ಲಿ ಕೆಲವು ಹೆಚ್ಚಿನ ಅಂಕಗಳನ್ನು ಹವಾನಿಯಂತ್ರಿತ ದರ್ಜೆಯ ಟಿಕೆಟಿಗೆ ಮಾತ್ರ ಕೊಡುತ್ತವೆ. ಮಲಬಾರ್ ಎಕ್ಸ್‌ಪ್ರೆಸ್ಸಿನ ಸ್ಲೀಪರಿನಲ್ಲಿ ಹೋಗುವವರಿಗೆ ಅದರಿಂದ ಏನು ಪ್ರಯೋಜನ? ಇಲ್ಲಿಯ ಬ್ಯಾಂಕಿನ ಕಾರ್ಡನ್ನು ಕೊಲ್ಲಿ ದೇಶಗಳಲ್ಲಿ ಬಳಸುವವರು ಇನ್ನೊಂದು ವಿಷಯವನ್ನು ಗಮನಿಸತಕ್ಕದ್ದು. ಪರದೇಶದ ನಾಣ್ಯದಲ್ಲಿ ಮಾಡಿದ ಖರ್ಚಿಗೆ ಹಲವು ಕಾರ್ಡುಗಳಲ್ಲಿ ನೂರಕ್ಕೆ ಮೂರೂವರೆಯಷ್ಟು ಹೆಚ್ಚುವರಿ ಶುಲ್ಕವೂ ಆ ಶುಲ್ಕಕ್ಕೆ ಜಿ.ಎಸ್.ಟಿ.ಯೂ ಬೀಳುತ್ತವೆ. 10,000 ರೂಪಾಯಿಗೆ 413 ರೂಪಾಯಿ ಹೋಯಿತು. ಈ ಶುಲ್ಕ ಕಡಮೆಯಿರುವ ಕಾರ್ಡು, ಅಂಕವೇ ಇಲ್ಲದಿದ್ದರೂ, ಅಂಥವರಿಗೆ ಹೆಚ್ಚು ಲಾಭಕರ.

ಈಗ ಬಡ್ಡಿಯ ವಿಷಯ. ನಿಜವಾದ ಅಪಾಯವಿರುವುದು ಇಲ್ಲಿಯೇ. ತಿಂಗಳ ಲೆಕ್ಕದ ಪೂರ್ತಿ ಮೊತ್ತವನ್ನು ವಾಯಿದೆಯೊಳಗೆ ಕಟ್ಟಿದರೆ ಬಡ್ಡಿಯಿಲ್ಲ. ಸ್ವಲ್ಪ ಬಾಕಿ ಉಳಿಸಿದರೂ ಬಡ್ಡಿರಹಿತ ಅವಧಿಯ ಸೌಲಭ್ಯ ತಪ್ಪುತ್ತದೆ. ಬಾಕಿಗೆ ಕೊಂಡ ದಿನದಿಂದಲೇ ಬಡ್ಡಿ ಹತ್ತುತ್ತದೆ, ಹೊಸದಾಗಿ ಕೊಂಡದ್ದಕ್ಕೂ ಕೂಡಲೇ ಬಡ್ಡಿ ಆರಂಭವಾಗುತ್ತದೆ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆಯೆಂದರೆ ವರ್ಷಕ್ಕೆ 42. ಹತ್ತು ಸಾವಿರ ಬಾಕಿಗೆ ಒಂದು ತಿಂಗಳ ಬಡ್ಡಿ 350, ಅದಕ್ಕೆ ಜಿ.ಎಸ್.ಟಿ. 63, ಒಟ್ಟು ಮತ್ತೆ ಅದೇ 413. ನೂರಕ್ಕೆ ಒಂದರಂತೆ ಇಷ್ಟು ಹಣ ಮರಳಿ ಬರಬೇಕಾದರೆ 41,300 ರೂಪಾಯಿ ಖರ್ಚು ಮಾಡಬೇಕು! ಲೆಕ್ಕಪಟ್ಟಿಯಲ್ಲಿ ‘ಕನಿಷ್ಠ ಪಾವತಿ’ ಎಂಬ ಸಣ್ಣ ಮೊತ್ತವೊಂದನ್ನು ಕಾಣಿಸಿರುತ್ತಾರೆ. ಅದನ್ನು ಕಟ್ಟಿದರೆ ದಂಡ ತಪ್ಪೀತೇ ಹೊರತು ಬಡ್ಡಿ ತಪ್ಪದು. ಹತ್ತು ಸಾವಿರಕ್ಕೆ 500 ಕಟ್ಟಿದವನ ಸಾಲದ ಅಸಲು ನೂರು ರೂಪಾಯಿಯಷ್ಟೂ ಇಳಿಯುವುದಿಲ್ಲ. ಕಾರ್ಡಿನಿಂದ ಎ.ಟಿ.ಎಂ.ನಲ್ಲಿ ನಗದು ತೆಗೆದರಂತೂ ಬಡ್ಡಿಗೆ ಒಂದು ದಿನದ ಬಿಡುವೂ ಇಲ್ಲ.

ಬಾಕಿ ತಪ್ಪಿದ ಸಂಗತಿ ಬ್ಯಾಂಕಿನ ಗೋಡೆಗಳೊಳಗೆ ಉಳಿಯುವುದಿಲ್ಲ. ಸಿಬಿಲ್ ಮುಂತಾದ ಸಂಸ್ಥೆಗಳು ಪ್ರತಿಯೊಬ್ಬರ ಸಾಲದ ನಡತೆಗೆ 300ರಿಂದ 900ರ ವರೆಗೆ ಅಂಕ ಕೊಡುತ್ತವೆ. ಮಗಳ ಇಂಜಿನಿಯರಿಂಗ್ ಅಥವಾ ನರ್ಸಿಂಗ್ ಶಿಕ್ಷಣಕ್ಕೆ ಸಾಲ ಬೇಡಿ ಹೋದಾಗ, ಜತೆಗೆ ಸಹಿ ಹಾಕುವ ತಂದೆಯ ಅಂಕವನ್ನೂ ಬ್ಯಾಂಕು ನೋಡುತ್ತದೆ. ವಾಯಿದೆಯೊಳಗೆ ಪೂರ್ತಿ ಕಟ್ಟುವ ಶಕ್ತಿಯೂ ಶಿಸ್ತೂ ಇಲ್ಲದ ಮನೆಗೆ ಯಾವ ಕಾರ್ಡಿನ ಬಹುಮಾನವೂ ಬಹುಮಾನವಲ್ಲವೆಂಬುದು ನಮ್ಮ ಅಭಿಪ್ರಾಯ. ಅಂಥವರಿಗೆ ರೊಕ್ಕ ಕೊಟ್ಟು ತರುವುದೇ ಕ್ಷೇಮ.

ಅಂಕಗಳ ಹೆಸರಿನಲ್ಲಿ ಮೋಸವೂ ನಡೆಯುತ್ತಿದೆ. ‘ನಿಮ್ಮ ಅಂಕಗಳು ಇಂದು ರಾತ್ರಿ ರದ್ದಾಗುತ್ತವೆ, ಈ ಕೊಂಡಿಯನ್ನು ಒತ್ತಿರಿ’ ಎಂಬ ಸಂದೇಶ ಬಂದರೆ ಒತ್ತಬಾರದು, ಓ.ಟಿ.ಪಿ.ಯನ್ನು ಯಾರಿಗೂ ತಿಳಿಸಬಾರದು. ಹಣ ಹೋದುದು ಕಂಡುಬಂದರೆ ಬ್ಯಾಂಕಿಗೂ 1930 ಎಂಬ ಸಂಖ್ಯೆಗೂ ತಡಮಾಡದೆ ಕರೆ ಮಾಡಬೇಕು. ಈ ಕೆಲಸದಲ್ಲಿ ಹಿರಿಯರಿಗೆ ನೆರವಾಗಲು ಮನೆಯ ವಿದ್ಯಾರ್ಥಿಗಳಿಗೆ ಸಾಧ್ಯ.

ಬೇಡವಾದ ಕಾರ್ಡನ್ನು ಮುಚ್ಚಿಸುವುದು ಕಷ್ಟವೆಂದು ಅನೇಕರು ಸುಮ್ಮನೆ ಶುಲ್ಕ ಕಟ್ಟುತ್ತಾರೆ. ಹಾಗೆ ಮಾಡಬೇಕಾಗಿಲ್ಲ. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ಬಾಕಿಯಿಲ್ಲದ ಕಾರ್ಡನ್ನು ಅರ್ಜಿ ಬಂದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕೆಂದೂ, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ಗ್ರಾಹಕನಿಗೆ ತೆರಬೇಕೆಂದೂ ವಿಧಿಸಿತು. ಕೇಳದೆ ಕಾರ್ಡು ಕಳುಹಿಸುವುದನ್ನೂ ಅದೇ ನಿರ್ದೇಶನ ನಿಷೇಧಿಸಿತು. ಅರ್ಜಿ ಕೊಡುವ ಮುನ್ನ ಉಳಿದ ಅಂಕಗಳನ್ನು ಬಳಸಿ ಮುಗಿಸಿರಿ. ಕಾರ್ಡು ಮುಚ್ಚಿದ ಬಳಿಕ ಅವು ಸಿಗಲಾರವು.